ಕೇಬಲ್ ಸಿಕ್ಕಿಸಿದೊಡನೆ ಮಾಯವಾಗುವ ದೋಷ

ರಾತ್ರಿ ಎರಡು ಗಂಟೆಗೆ ಮಾತ್ರೆ ನೆನಪಿಸಬೇಕಾದ ಒಂದು ಆ್ಯಪ್ ಇದೆ ಎಂದುಕೊಳ್ಳಿ. ಹಗಲು ಹೊತ್ತಿನಲ್ಲಿ ಅದು ಕೊಟ್ಟ ಸಮಯಕ್ಕೆ ಸರಿಯಾಗಿ ಕೂಗುತ್ತದೆ. ರಾತ್ರಿ ಮಾತ್ರ ಒಮ್ಮೆ ಮುಕ್ಕಾಲು ಗಂಟೆ ತಡ, ಇನ್ನೊಮ್ಮೆ ಬೆಳಿಗ್ಗೆ ಎದ್ದು ಫೋನ್ ಕೈಗೆತ್ತಿಕೊಂಡ ಮೇಲೆಯೇ ಸದ್ದು. ದೂರು ಬಂದಾಗ ಆ್ಯಪ್ ಬರೆದ ಡೆವಲಪರ್ ತನ್ನ ಫೋನನ್ನು ಕೇಬಲಿನಿಂದ ಲ್ಯಾಪ್‌ಟಾಪಿಗೆ ಜೋಡಿಸಿ, ಎರಡು ಗಂಟೆಯ ತನಕ ಎಚ್ಚರವಿದ್ದು ನೋಡುತ್ತಾಳೆ. ಸೆಕೆಂಡೂ ಆಚೀಚೆಯಾಗದೆ ಆ್ಯಪ್ ಕೂಗುತ್ತದೆ. ಮರುರಾತ್ರಿಯೂ ಅಷ್ಟೆ. ಕೊನೆಗೆ ಅವಳ ಬಾಯಿಂದ ಬರುವುದು ಬೆಂಗಳೂರಿನ ಯಾವ ಸಾಫ್ಟ್‌ವೇರ್ ಕಚೇರಿಯಲ್ಲಾದರೂ ಕಿವಿಗೆ ಬೀಳುವ ಮಾತು: "ನನ್ನ ಫೋನಲ್ಲಿ ಸರಿಯಾಗೇ ಬರ್ತಿದೆಯಲ್ಲ!"

ಅವಳ ಮಾತು ಸುಳ್ಳಲ್ಲ. ಆದರೆ ಸರಿಯಾಗಿ ಬರುವಂತೆ ಮಾಡುತ್ತಿರುವುದು ಅವಳು ಸಿಕ್ಕಿಸಿದ ಕೇಬಲ್. 2015ರಲ್ಲಿ ಬಂದ ಆಂಡ್ರಾಯ್ಡ್ 6, ಬ್ಯಾಟರಿ ಉಳಿಸಲೆಂದು 'ಡೋಜ್' ಎಂಬ ತೂಕಡಿಕೆಯನ್ನು ಫೋನಿಗೆ ಕಲಿಸಿತು. ಚಾರ್ಜಿಗೆ ಹಾಕಿಲ್ಲ, ಪರದೆ ಆರಿದೆ, ಫೋನ್ ಇಟ್ಟಲ್ಲೇ ಅಲುಗಾಡದೆ ಬಿದ್ದಿದೆ. ಈ ಮೂರೂ ಕೂಡಿಬಂದು ಸ್ವಲ್ಪ ಹೊತ್ತು ಕಳೆದರೆ ಅದು ತೂಕಡಿಸತೊಡಗುತ್ತದೆ. ಆಗ ಆ್ಯಪ್‌ಗಳಿಗೆ ಇಂಟರ್ನೆಟ್ ಸಿಗುವುದಿಲ್ಲ. ಸಾಮಾನ್ಯ ಅಲಾರಮ್‌ಗಳನ್ನೆಲ್ಲ ವ್ಯವಸ್ಥೆ ಒಂದೆಡೆ ತಡೆದಿಟ್ಟುಕೊಂಡು, ನಡುನಡುವೆ ಕಣ್ಣು ಬಿಡುವ ಚಿಕ್ಕ ಅವಧಿಗಳಲ್ಲಿ ಮಾತ್ರ ಹೊರಬಿಡುತ್ತದೆ. ರಾತ್ರಿ ಕಳೆದಂತೆ ಆ ಅವಧಿಗಳ ನಡುವಿನ ಅಂತರ ಹೆಚ್ಚುತ್ತ ಹೋಗುತ್ತದೆ. ಮಲಗಿದವರ ತಲೆದೆಸೆಯಲ್ಲಿರುವ ಫೋನಿಗೆ ಇದೆಲ್ಲ ಅನ್ವಯಿಸುತ್ತದೆ. ಡೆವಲಪರಿನ ಮೇಜಿನ ಮೇಲಿರುವುದಕ್ಕೆ ಅನ್ವಯಿಸುವುದಿಲ್ಲ, ಏಕೆಂದರೆ ದೋಷ ಹುಡುಕಲೆಂದು ಸಿಕ್ಕಿಸಿದ ಯುಎಸ್‌ಬಿ ಕೇಬಲೇ ಅದನ್ನು ಚಾರ್ಜ್ ಮಾಡುತ್ತಿದೆ. ಹುಡುಕುವ ಸಾಧನವೇ ಹುಡುಕುತ್ತಿರುವುದನ್ನು ಅಳಿಸಿಹಾಕಿದೆ.

ಇಂತಹ ದೋಷಗಳನ್ನು ಕಂಪ್ಯೂಟರ್ ವಿಜ್ಞಾನಿಗಳು ಬಹಳ ಹಿಂದೆಯೇ ಗುರುತಿಸಿದ್ದರು. ಡೇಟಾಬೇಸ್‌ಗಳ ಮೇಲಿನ ಕೆಲಸಕ್ಕೆ 1998ರ ಟ್ಯೂರಿಂಗ್ ಪ್ರಶಸ್ತಿ ಪಡೆದ ಜಿಮ್ ಗ್ರೇ, 1985ರಲ್ಲಿ ಟ್ಯಾಂಡೆಮ್ ಕಂಪನಿಯಲ್ಲಿದ್ದಾಗ, ಕಂಪ್ಯೂಟರುಗಳು ಏಕೆ ನಿಂತುಹೋಗುತ್ತವೆ ಎಂಬುದರ ಬಗ್ಗೆ ಒಂದು ವರದಿ ಬರೆದರು. ಅದರಲ್ಲಿ ದೋಷಗಳನ್ನು ಎರಡು ಬಗೆಯಾಗಿ ನೋಡಿದರು. ಒಂದು ಬಗೆಯದು ಗಟ್ಟಿ. ಅದೇ ಗುಂಡಿಯನ್ನು ಅದೇ ಕ್ರಮದಲ್ಲಿ ಒತ್ತಿದರೆ ಪ್ರತಿ ಸಲವೂ ಎದುರಿಗೆ ಬಂದು ನಿಲ್ಲುತ್ತದೆ. ಅದಕ್ಕೆ ಪರಮಾಣುವಿನ ಗಟ್ಟಿಯಾದ ಮಾದರಿ ಕೊಟ್ಟ ಬೋರ್ ಹೆಸರು. ಇನ್ನೊಂದು ಬಗೆಯದು ನೋಡಲು ಹೋದರೆ ಜಾರಿಕೊಳ್ಳುತ್ತದೆ. ಅದು 'ಹೈಸೆನ್‌ಬಗ್', ಅನಿಶ್ಚಿತತೆಯ ತತ್ವ ಹೇಳಿದ ಹೈಸೆನ್‌ಬರ್ಗ್ ಹೆಸರಿನದು. ಗ್ರೇ ಬರೆದದ್ದು ಬ್ಯಾಂಕು, ಕಾರ್ಖಾನೆಗಳ ದೊಡ್ಡ ಯಂತ್ರಗಳನ್ನು ಕುರಿತು. ನಾಲ್ಕು ದಶಕಗಳ ಮೇಲೆ ಈ ಎರಡನೆಯ ಬಗೆ ಅತಿ ಹೆಚ್ಚು ಕಾಡುತ್ತಿರುವುದು ಅಂಗಿ ಜೇಬಿನ ಯಂತ್ರದಲ್ಲಿ ಎಂದು ನನಗೆ ಅನ್ನಿಸುತ್ತದೆ. ಏಕೆಂದರೆ ಫೋನಿನಷ್ಟು ಪರಿಸ್ಥಿತಿ ಬದಲಾಯಿಸುವ ಕಂಪ್ಯೂಟರ್ ಇನ್ನೊಂದಿಲ್ಲ. ಅದು ಲಿಫ್ಟಿನೊಳಗೆ ಹೋಗುತ್ತದೆ, ಘಾಟಿಯಲ್ಲಿ ಸಿಗ್ನಲ್ ಕಳೆದುಕೊಳ್ಳುತ್ತದೆ, ಬ್ಯಾಟರಿ ಮುಗಿಸಿಕೊಳ್ಳುತ್ತದೆ, ಅರ್ಧ ಕೆಲಸದಲ್ಲಿ ಕರೆ ಸ್ವೀಕರಿಸುತ್ತದೆ. ಡೆವಲಪರಿನ ಮೇಜಿನ ಮೇಲೆ ಮಾತ್ರ ಒಳ್ಳೆಯ ವೈಫೈ, ತುಂಬಿದ ಬ್ಯಾಟರಿ, ಖಾಲಿ ಮೆಮೊರಿ, ಇಂಗ್ಲಿಷ್ ಭಾಷೆ.

ಆದ್ದರಿಂದ "ನನ್ನ ಫೋನಲ್ಲಿ ಸರಿಯಾಗಿದೆ" ಎಂಬುದನ್ನು ಸಮರ್ಥನೆಯ ಮಾತಾಗಿ ಬಳಸದೆ ಮೊದಲ ಸುಳಿವಾಗಿ ಬಳಸಬೇಕು. ಒಂದು ಫೋನಿನಲ್ಲಿ ಸರಿ, ಇನ್ನೊಂದರಲ್ಲಿ ತಪ್ಪು ಎಂದರೆ ಕಾರಣ ಆ ಎರಡರ ನಡುವಿನ ಯಾವುದೋ ವ್ಯತ್ಯಾಸದಲ್ಲಿದೆ. ವ್ಯತ್ಯಾಸಗಳನ್ನು ಕಾಗದದ ಮೇಲೆ ಬರೆದು, ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ ನೋಡುತ್ತ ಹೋದರೆ ಎಷ್ಟೇ ಹಟಮಾರಿ ದೋಷವೂ ಮೂಲೆಗೆ ಸೇರುತ್ತದೆ. ಮಾತ್ರೆಯ ಆ್ಯಪ್‌ನಲ್ಲಿ ಆ ವ್ಯತ್ಯಾಸ ಚಾರ್ಜಿಂಗ್. ಆಂಡ್ರಾಯ್ಡ್‌ನ ಎಡಿಬಿ ಎಂಬ ಸಾಧನದಿಂದ ಫೋನಿಗೆ 'ನಿನ್ನನ್ನು ಚಾರ್ಜಿನಿಂದ ತೆಗೆದಿದ್ದೇನೆ' ಎಂದು ಹೇಳಿ ನಂಬಿಸಬಹುದು, ಇನ್ನೊಂದು ಆಜ್ಞೆ ಕೊಟ್ಟು ಆ ಕ್ಷಣವೇ ತೂಕಡಿಕೆಗೆ ಇಳಿಸಬಹುದು, ರಾತ್ರಿಯಿಡೀ ಕಾಯಬೇಕಾಗಿಲ್ಲ. 2020ರ ಆಂಡ್ರಾಯ್ಡ್ 11ರಿಂದ ಕೇಬಲೇ ಇಲ್ಲದೆ ವೈಫೈ ಮೂಲಕ ಫೋನನ್ನು ಜೋಡಿಸಿಕೊಳ್ಳುವ ಅನುಕೂಲವೂ ಬಂದಿದೆ. ದೋಷ ಒಮ್ಮೆ ಕಣ್ಣೆದುರು ಬಂದಮೇಲೆ ಪರಿಹಾರ ಎರಡು ಸಾಲಿನದು: ತೂಕಡಿಕೆಯಲ್ಲೂ ಕೂಗಲೇಬೇಕಾದ ಅಲಾರಮ್‌ಗೆ ಆಂಡ್ರಾಯ್ಡ್‌ನಲ್ಲಿ ಬೇರೆಯೇ ಆಜ್ಞೆ ಇದೆ. ಆಂಡ್ರಾಯ್ಡ್ 12ರಿಂದ ಈಚೆಗೆ ಅಂತಹ ನಿಖರ ಅಲಾರಮ್‌ಗೆ ಪ್ರತ್ಯೇಕ ಅನುಮತಿಯನ್ನೂ ಕೇಳಿಕೊಳ್ಳಬೇಕು.

ಇನ್ನೊಂದು ದೂರು ಇದಕ್ಕಿಂತ ಸಾಮಾನ್ಯ. ಅರ್ಜಿ ತುಂಬುತ್ತಿದ್ದಾಗ ಒಂದು ಕರೆ ಬಂತು, ಮಾತು ಮುಗಿಸಿ ಮರಳಿದರೆ ತುಂಬಿದ್ದೆಲ್ಲ ಖಾಲಿ. ಕಂಪ್ಯೂಟರ್ ಪ್ರೋಗ್ರಾಂ ಬರೆದು ಬಂದವರಿಗೆ ಇದು ಮೊದಲು ಅರ್ಥವೇ ಆಗುವುದಿಲ್ಲ. ಅಲ್ಲಿ ಪ್ರೋಗ್ರಾಂ ಒಮ್ಮೆ ಶುರುವಾದರೆ ಬಳಸುವವರು ಮುಚ್ಚುವ ತನಕ ಇರುತ್ತದೆ. ಫೋನಿನಲ್ಲಿ ಆ್ಯಪ್ ಎಂಬುದು ಕಟ್ಟುನಿಟ್ಟಿನ ಮಾಲೀಕನ ವಠಾರದಲ್ಲಿ ಬಾಡಿಗೆಗಿರುವ ಸಂಸಾರದಂತೆ. ಜಾಗ ಸಾಲದೆ ಬಂದಾಗ ಮಾಲೀಕ, ಅಂದರೆ ಆಪರೇಟಿಂಗ್ ಸಿಸ್ಟಮ್, ಕಣ್ಣಿಗೆ ಕಾಣದೆ ಹಿಂದೆ ಕೂತಿರುವ ಆ್ಯಪ್‌ಗಳನ್ನು ಒಂದೊಂದಾಗಿ ಹೊರಹಾಕುತ್ತಾನೆ, ಸಾಮಾನು ತೆಗೆದುಕೊಳ್ಳಲೂ ಬಿಡುವು ಕೊಡದೆ.

2008ರಲ್ಲಿ ಬಂದ ಮೊದಲ ಆಂಡ್ರಾಯ್ಡ್ ಫೋನಿನಲ್ಲಿ ಒಟ್ಟು 192 ಎಂಬಿ ರ್‍ಯಾಮ್ ಇತ್ತು. ಒಂದೊಂದು ಆ್ಯಪ್‌ಗೆ ಸಿಗುತ್ತಿದ್ದ ಹೀಪ್, ಅಂದರೆ ಕೆಲಸದ ಮೆಮೊರಿ, 16 ಎಂಬಿ ಮಾತ್ರ. ಹೊರಹಾಕುವ ನಿಯಮ ಹುಟ್ಟಿದ್ದು ಆ ಇಕ್ಕಟ್ಟಿನಲ್ಲಿ. ಇಂದಿನ ಫೋನುಗಳಲ್ಲಿ ಮೆಮೊರಿ ಹಲವು ಪಟ್ಟು ಬೆಳೆದಿದ್ದರೂ ಆ್ಯಪ್‌ಗಳ ಹಸಿವು ಅದರ ಜೊತೆಗೇ ಬೆಳೆದದ್ದರಿಂದ ನಿಯಮ ಹಾಗೇ ಉಳಿದಿದೆ. ಇದರ ಜೊತೆಗೆ ಆಂಡ್ರಾಯ್ಡ್‌ಗೆ ಇನ್ನೊಂದು ಅಭ್ಯಾಸವಿದೆ. ಫೋನನ್ನು ಅಡ್ಡ ಹಿಡಿದರೆ, ಭಾಷೆ ಅಥವಾ ಅಕ್ಷರದ ಗಾತ್ರ ಬದಲಾಯಿಸಿದರೆ, ಕಪ್ಪು ಹಿನ್ನೆಲೆಗೆ ಹೊರಳಿದರೆ, ಡೆವಲಪರ್ ಬೇಡವೆಂದು ಹೇಳಿರದ ಹೊರತು ಎದುರಿಗಿರುವ ಪುಟವನ್ನು ಪೂರ್ತಿ ಕೆಡವಿ ಮತ್ತೆ ಕಟ್ಟುತ್ತದೆ. ಪುಟದ ಒಳಗೆ ಇಟ್ಟುಕೊಂಡಿದ್ದ ಮಾಹಿತಿ ಕೆಡವಿದ ಪುಟದೊಂದಿಗೇ ಹೋಗುತ್ತದೆ.

ಇಲ್ಲಿ ಬಹಳ ಮಂದಿ ಎಡವುವ ಜಾಗವನ್ನು ಹತ್ತಿರದಿಂದ ನೋಡೋಣ. ಫೋನ್ ತಿರುಗಿಸಿದಾಗ ಅರ್ಜಿ ಖಾಲಿಯಾಗುತ್ತಿದೆ ಎಂದು ಟೆಸ್ಟರ್ ಹೇಳುತ್ತಾರೆ. ಡೆವಲಪರ್ ಮಾಹಿತಿಯನ್ನು ಪುಟದಿಂದ ತೆಗೆದು 'ವ್ಯೂ ಮಾಡೆಲ್' ಎಂಬ ಜಾಗದಲ್ಲಿ ಇಡುತ್ತಾಳೆ. ಪುಟ ಕೆಡವಿದರೂ ವ್ಯೂ ಮಾಡೆಲ್ ಉಳಿಯುತ್ತದೆ. ಅಡ್ಡ, ಉದ್ದ, ಮತ್ತೆ ಅಡ್ಡ ತಿರುಗಿಸಿ ನೋಡಿದರೆ ಎಲ್ಲ ಭದ್ರ. ದೋಷ ಮುಚ್ಚಿದೆ ಎಂದು ಗುರುತು ಹಾಕುತ್ತಾಳೆ. ಆದರೆ ಆ ವ್ಯೂ ಮಾಡೆಲ್ ಇರುವುದು ಆ್ಯಪ್‌ನದೇ ಪ್ರೊಸೆಸ್‌ನ ಮೆಮೊರಿಯಲ್ಲಿ. ಕರೆಯ ನಡುವೆ ಸಿಸ್ಟಮ್ ಆ ಪ್ರೊಸೆಸ್‌ಅನ್ನೇ ಕೊಂದರೆ ವ್ಯೂ ಮಾಡೆಲ್ ಕೂಡ ಸತ್ತಿತು. ಬಳಸುವವರು ಮರಳಿದಾಗ ಅದೇ ಪುಟ ತೆರೆದುಕೊಳ್ಳುತ್ತದೆ, ಒಳಗೆ ಏನೂ ಇರುವುದಿಲ್ಲ. ಪ್ರೊಸೆಸ್ ಸತ್ತರೂ ಉಳಿಯುವುದು ಸಿಸ್ಟಮ್‌ನ ಕೈಗೆ ಒಪ್ಪಿಸಿಟ್ಟ ಚಿಕ್ಕ ಗಂಟು, 'ಸೇವ್ಡ್ ಸ್ಟೇಟ್', ಇಲ್ಲವೇ ಫೋನಿನ ಸ್ಟೋರೇಜ್‌ನಲ್ಲಿ ಬರೆದಿಟ್ಟದ್ದು. ಆ ಗಂಟಿಗೂ ಮಿತಿಯಿದೆ. ಅದು ಸಾಗುವ ದಾರಿಯ ಒಟ್ಟು ಅಗಲ 1 ಎಂಬಿ, ಅದನ್ನೂ ಆ್ಯಪ್‌ನ ಉಳಿದ ಮಾತುಕತೆಗಳ ಜೊತೆ ಹಂಚಿಕೊಳ್ಳಬೇಕು. ಉತ್ಸಾಹದಲ್ಲಿ ಚಿತ್ರವನ್ನೇ ಅದರಲ್ಲಿ ಕಟ್ಟಿಟ್ಟರೆ, ಆಂಡ್ರಾಯ್ಡ್ 7ರಿಂದ ಈಚೆಗೆ ಆ್ಯಪ್ ಕ್ರ್ಯಾಶ್ ಆಗುತ್ತದೆ. ಈ ದೋಷವನ್ನು ಬೇಕೆಂದಾಗ ಬರಿಸಿಕೊಳ್ಳುವ ದಾರಿ ಸುಲಭ. ಆ್ಯಪ್‌ನಿಂದ ಹೋಮ್‌ಗೆ ಬಂದು, ಎಡಿಬಿಯಿಂದ ಆ್ಯಪ್‌ಅನ್ನು ಕೊಂದು, ಇತ್ತೀಚಿನವುಗಳ ಪಟ್ಟಿಯಿಂದ ಮತ್ತೆ ತೆರೆಯುವುದು. ಬಿಡುಗಡೆಗೆ ಮುನ್ನ ಪ್ರತಿ ಪುಟಕ್ಕೂ ಇದನ್ನು ಮಾಡಿಯೇ ಮುಂದೆ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅರ್ಧ ಗಂಟೆಯ ಕೆಲಸ ಇದು. ಇದನ್ನು ಬಿಟ್ಟರೆ ಕಳೆದುಹೋಗುವುದು ಕಡಿಮೆ ಬೆಲೆಯ, ಕಡಿಮೆ ಮೆಮೊರಿಯ ಫೋನ್ ಹಿಡಿದವರ ಶ್ರಮ. ಅವರಿಗೆ ಅರ್ಜಿಯನ್ನು ಎರಡನೇ ಸಲ ತುಂಬುವಷ್ಟು ಡೇಟಾ ಉಳಿದಿರುತ್ತದೆ ಎಂಬ ಖಾತ್ರಿಯಿಲ್ಲ.

ಆ್ಯಪ್ ಕ್ರ್ಯಾಶ್ ಆದಾಗ ಒಂದು ಉಪಕಾರವನ್ನೂ ಮಾಡುತ್ತದೆ: ಲಾಗ್‌ನಲ್ಲಿ ಸಾಕ್ಷಿ ಹೇಳಿ ಸಾಯುತ್ತದೆ. ಹೊಸಬರು ಆ ನೂರಾರು ಕೆಂಪು ಸಾಲುಗಳನ್ನು ಕಂಡು ಹೆದರಿ, ಮೊದಲ ಸಾಲನ್ನಷ್ಟೇ ಓದಿ ಮುಚ್ಚುತ್ತಾರೆ. ಆಂಡ್ರಾಯ್ಡ್‌ನಲ್ಲಿ ಮೊದಲ ಸಾಲು ಹೇಳುವುದು ಬಹಳ ಸಲ ಹೊರಗಿನ ಕಥೆ, 'ಪುಟ ತೆರೆಯಲಾಗಲಿಲ್ಲ' ಎಂಬಷ್ಟು. ಕೆಳಗೆ ಹೋದಂತೆ 'ಕಾಸ್ಡ್ ಬೈ' ಎಂದು ಶುರುವಾಗುವ ಸಾಲುಗಳು ಬರುತ್ತವೆ. ಅವುಗಳಲ್ಲಿ ಕಟ್ಟಕಡೆಯದನ್ನು ಹಿಡಿಯಬೇಕು, ಬೇರು ಅಲ್ಲಿದೆ. ಅದರ ಕೆಳಗಿನ ಪಟ್ಟಿಯಲ್ಲಿ ಸಿಸ್ಟಮ್‌ನ ಹೆಸರುಗಳನ್ನು ದಾಟುತ್ತ ಹೋಗಿ, ನಿಮ್ಮದೇ ಆ್ಯಪ್‌ನ ಹೆಸರಿರುವ ಮೊದಲ ಸಾಲಿನಲ್ಲಿ ನಿಲ್ಲಬೇಕು. ಕಡತದ ಹೆಸರು, ಸಾಲಿನ ಸಂಖ್ಯೆ ಅಲ್ಲೇ ಬರೆದಿರುತ್ತದೆ. ಬಹುಪಾಲು ಕ್ರ್ಯಾಶ್‌ಗಳು ಇಷ್ಟು ಓದಿದರೆ ಅರ್ಧ ಬಿಡಿಸಿದಂತೆ.

ಆದರೆ ಬಿಡುಗಡೆಯಾದ ಆ್ಯಪ್‌ನಿಂದ ಬರುವ ಸಾಕ್ಷಿ ಹೀಗೆ ಸುಲಭವಾಗಿ ಓದಿಸಿಕೊಳ್ಳುವುದಿಲ್ಲ. ಆ್ಯಪ್‌ನ ಗಾತ್ರ ಕುಗ್ಗಿಸಲೆಂದು ಬಿಡುಗಡೆಯ ಹೊತ್ತಿನಲ್ಲಿ 'ಆರ್8' ಎಂಬ ಸಾಧನ ಬಳಕೆಯಾಗದ ಕೋಡನ್ನು ಕಿತ್ತುಹಾಕಿ, ಉಳಿದ ಹೆಸರುಗಳನ್ನೆಲ್ಲ ಒಂದಕ್ಷರ ಎರಡಕ್ಷರಕ್ಕೆ ಇಳಿಸುತ್ತದೆ. ಯಾವುದು ಯಾವುದಾಯಿತು ಎಂಬ ಪಟ್ಟಿಯನ್ನು ಮ್ಯಾಪಿಂಗ್ ಕಡತವೆಂದು ಬೇರೆಯಾಗಿ ಬರೆದುಕೊಡುತ್ತದೆ. ಪ್ರತಿ ಆವೃತ್ತಿಗೂ ಆ ಕಡತ ಬೇರೆ. ಅದನ್ನು ಕಳೆದುಕೊಂಡವರ ಕೈಗೆ ಬರುವುದು ಓದಲಾಗದ ಅಕ್ಷರಗಳ ಸಾಲು. ಹೆಸರು ಇಳಿಸುವ ಕೆಲಸವೇ ದೋಷ ತರುವುದೂ ಉಂಟು. ಸರ್ವರ್ ಕಳಿಸುವ ಮಾಹಿತಿಯಲ್ಲಿ 'ನೇಮ್' ಎಂಬ ಅಂಕಣವಿದ್ದು, ಅದನ್ನು ಹೆಸರು ಹೊಂದಿಸಿಯೇ ತುಂಬಿಕೊಳ್ಳುವ ಲೈಬ್ರರಿಯನ್ನು ಬಳಸಿದ್ದರೆ, ಆರ್8 ಆ ಹೆಸರನ್ನು 'ಎ' ಎಂದು ಬದಲಾಯಿಸಿದ ಕೂಡಲೇ ಹೊಂದಾಣಿಕೆ ತಪ್ಪುತ್ತದೆ. ಕ್ರ್ಯಾಶ್ ಕೂಡ ಇಲ್ಲ, ಹೆಸರಿನ ಜಾಗ ಸುಮ್ಮನೆ ಖಾಲಿ ಬರುತ್ತದೆ. ಡೆವಲಪರ್ ದಿನವಿಡೀ ಓಡಿಸುವ ಡೀಬಗ್ ಬಿಲ್ಡ್‌ನಲ್ಲಿ ಆರ್8 ಸಾಮಾನ್ಯವಾಗಿ ಇರುವುದೇ ಇಲ್ಲವಾದ್ದರಿಂದ ಅವಳಿಗೆ ಇದು ಕಾಣುವುದಿಲ್ಲ. ನಕ್ಷೆ ಅಥವಾ ಗೂಗಲ್ ಲಾಗಿನ್ ಬಿಡುಗಡೆಯಾದ ಮೇಲಷ್ಟೇ ಕೈಕೊಡುವುದಕ್ಕೂ ಇಂತಹದೇ ಕಾರಣ. ಬಿಡುಗಡೆಯ ಆ್ಯಪ್‌ಗೆ ಬೀಳುವ ಸಹಿ ಬೇರೆ, ಆ ಸಹಿಯ ಬೆರಳಚ್ಚನ್ನು ಸೇವೆಯ ಖಾತೆಯಲ್ಲಿ ನೋಂದಾಯಿಸಿರುವುದಿಲ್ಲ.

ಶುರುವಿನ ದಿನಗಳ ಕಿರಿಕಿರಿಗಳನ್ನು ಬೇಗ ದಾಟಿಬಿಡೋಣ. ಫೋನ್ ಲ್ಯಾಪ್‌ಟಾಪಿಗೆ ಕಾಣುತ್ತಲೇ ಇಲ್ಲವೆಂದರೆ ಮೊದಲು ಕೇಬಲ್ ಬದಲಿಸಿ. ಚಾರ್ಜ್ ಮಾತ್ರ ಮಾಡುವ, ಡೇಟಾದ ತಂತಿಗಳೇ ಇಲ್ಲದ ಕೇಬಲುಗಳು ಮನೆಮನೆಯಲ್ಲಿವೆ. ಡೆವಲಪರ್ ಆಯ್ಕೆಗಳು ಸೆಟ್ಟಿಂಗ್ಸ್‌ನಲ್ಲಿ ಕಾಣದಿದ್ದರೆ ಬಿಲ್ಡ್ ನಂಬರ್ ಮೇಲೆ ಏಳು ಸಲ ತಟ್ಟಬೇಕು. ಲ್ಯಾಪ್‌ಟಾಪಿನೊಳಗೆ ಓಡುವ ನಕಲಿ ಫೋನು, ಎಮ್ಯುಲೇಟರ್, ಅದರ ಒಳಗಿನ ಆ್ಯಪ್ ನಿಮ್ಮ ಲ್ಯಾಪ್‌ಟಾಪಿನಲ್ಲೇ ಓಡುತ್ತಿರುವ ಸರ್ವರನ್ನು 'ಲೋಕಲ್ ಹೋಸ್ಟ್' ಎಂದು ಕರೆದರೆ ಅದು ತನ್ನನ್ನೇ ಕರೆದುಕೊಳ್ಳುತ್ತದೆ. ಎಮ್ಯುಲೇಟರಿಗೆ ಲ್ಯಾಪ್‌ಟಾಪಿನ ವಿಳಾಸ 10.0.2.2. 2018ರ ಆಂಡ್ರಾಯ್ಡ್ 9ರಿಂದ ಗೂಢಲಿಪಿಯಿಲ್ಲದ ಬರಿಯ ಎಚ್‌ಟಿಟಿಪಿ ಸಂಪರ್ಕವನ್ನು ಸಿಸ್ಟಮ್ ತಾನಾಗಿಯೇ ತಡೆಯುತ್ತದೆ. ಐಫೋನಿನಲ್ಲಿ ಉಚಿತ ಖಾತೆಯಿಂದ ಹಾಕಿಕೊಂಡ ಆ್ಯಪ್ 7 ದಿನಕ್ಕೆ ತೆರೆಯುವುದನ್ನು ನಿಲ್ಲಿಸುತ್ತದೆ, ಕೋಡಿನಲ್ಲಿ ಏನೂ ತಪ್ಪಿಲ್ಲದೆ. ಇವೆಲ್ಲ ಒಮ್ಮೆ ತಿಳಿದರೆ ಮುಗಿಯಿತು.

ಮುಗಿಯದಿರುವುದು ನೆಟ್‌ವರ್ಕ್. ಸಿಗ್ನಲ್ ಇದೆ, ಇಲ್ಲ ಎಂಬ ಎರಡೇ ಸ್ಥಿತಿಗಳನ್ನು ಎಣಿಸಿ ಬರೆದ ಆ್ಯಪ್‌ಗಳು ಮೂರನೆಯದರಲ್ಲಿ ಸಿಕ್ಕಿಕೊಳ್ಳುತ್ತವೆ. ಕಡ್ಡಿಗಳೆಲ್ಲ ತುಂಬಿವೆ, ಡೇಟಾ ಮಾತ್ರ ಹರಿಯುತ್ತಿಲ್ಲ. ಹಣ ಕಟ್ಟುವ ಆ್ಯಪ್ ಒಂದನ್ನು ನೆನೆಯಿರಿ. 'ಪಾವತಿಸಿ' ಎಂದು ಒತ್ತಿದಿರಿ. ಕೋರಿಕೆ ಸರ್ವರ್ ತಲುಪಿತು, ಹಣ ಕಡಿತವಾಯಿತು, 'ಆಯಿತು' ಎಂಬ ಉತ್ತರ ಮರಳಿ ಬರುವಾಗ ಬಸ್ಸು ಸಿಗ್ನಲ್ ಇಲ್ಲದ ತಿರುವಿಗೆ ಹೋಯಿತು. ಆ್ಯಪ್ ನೋಡಿದ್ದು ಉತ್ತರವಿಲ್ಲದ ಮೌನವನ್ನು. ಕೋರಿಕೆ ತಲುಪಲಿಲ್ಲವೋ, ಉತ್ತರ ತಲುಪಲಿಲ್ಲವೋ ಎಂಬುದನ್ನು ಆ ಮೌನ ಹೇಳುವುದಿಲ್ಲ. ಅದು ಮತ್ತೆ ಕಳಿಸಿತು, ಹಣ ಎರಡು ಸಲ ಹೋಯಿತು. ಇದನ್ನು ಪ್ರೋಗ್ರಾಮರಿನ ಅಜಾಗರೂಕತೆ ಎಂದುಕೊಂಡರೆ ಅರ್ಧ ಮಾತ್ರ ಸರಿ. ಕಳೆದುಹೋಗಬಲ್ಲ ಸಂದೇಶಗಳನ್ನಷ್ಟೇ ನೆಚ್ಚಿಕೊಂಡು ಇಬ್ಬರು ಒಂದು ಒಪ್ಪಂದಕ್ಕೆ ಖಚಿತವಾಗಿ ಬರಲು ಸಾಧ್ಯವೇ ಇಲ್ಲ ಎಂಬುದು ಕಂಪ್ಯೂಟರ್ ವಿಜ್ಞಾನದಲ್ಲಿ ಸಿದ್ಧವಾಗಿರುವ ಮಾತು. ಎರಡು ಬೆಟ್ಟಗಳ ಮೇಲೆ ನಿಂತು ದೂತರನ್ನು ಕಳಿಸಿಕೊಳ್ಳುವ ಇಬ್ಬರು ಸೇನಾಪತಿಗಳ ಕಥೆಯ ರೂಪದಲ್ಲಿ 1978ರಲ್ಲಿ ಅದಕ್ಕೆ ಹೆಸರು ಕೊಟ್ಟವರೂ ಜಿಮ್ ಗ್ರೇಯೇ.  

ಮೌನವನ್ನು ಗೆಲ್ಲಲಾಗದು ಎಂದ ಮೇಲೆ ಅದರಿಂದ ಕೇಡಾಗದಂತೆ ನೋಡಿಕೊಳ್ಳಬೇಕು. ಪ್ರತಿ ಪಾವತಿಗೂ ಒತ್ತುವ ಮೊದಲೇ ಆ್ಯಪ್ ಒಂದು ವಿಶಿಷ್ಟ ಸಂಖ್ಯೆ ಕೊಟ್ಟು, ಮತ್ತೆ ಮತ್ತೆ ಕಳಿಸುವಾಗಲೂ ಅದೇ ಸಂಖ್ಯೆಯನ್ನು ಕಳಿಸುತ್ತದೆ. ಸರ್ವರ್ ಆ ಸಂಖ್ಯೆಯನ್ನು ಈ ಮೊದಲೇ ನೋಡಿದ್ದರೆ ಹಣ ಮುಟ್ಟದೆ ಹಳೆಯ ಉತ್ತರವನ್ನೇ ಕೊಡುತ್ತದೆ. ಇದಿಲ್ಲದ ಹಣದ ಆ್ಯಪ್‌ಅನ್ನು ಬಿಡುಗಡೆ ಮಾಡಬಾರದು.

ನೆಟ್‌ವರ್ಕಿನ ಇನ್ನೊಂದು ತಂಟೆ ಹುಡುಕುವ ಪೆಟ್ಟಿಗೆಯಲ್ಲಿ ಕಾಣಸಿಗುತ್ತದೆ. ಬಳಸುವವರು 'ಮೈ' ಎಂದು ಬರೆದಾಗ ಒಂದು ಕೋರಿಕೆ ಹೋಯಿತು, 'ಮೈಸೂರು' ಎಂದಾಗ ಇನ್ನೊಂದು. ಎರಡನೆಯದರ ಉತ್ತರ ಮೊದಲು ಬಂದು ಮೈಸೂರಿನ ಪಟ್ಟಿ ಮೂಡಿತು. ಅಷ್ಟರಲ್ಲಿ ತಡವಾದ ಮೊದಲ ಉತ್ತರ ಬಂದು ಅದರ ಮೇಲೆ ಕೂತಿತು. ಪೆಟ್ಟಿಗೆಯಲ್ಲಿ 'ಮೈಸೂರು', ಕೆಳಗೆ ಸಂಬಂಧವಿಲ್ಲದ ಊರುಗಳು. ಡೀಬಗರ್‌ನಲ್ಲಿ ಪ್ರೋಗ್ರಾಂ ನಿಲ್ಲಿಸಿ ಸಾಲುಸಾಲಾಗಿ ನಡೆಸಿದರೆ ಇದು ಮಾಯ, ಏಕೆಂದರೆ ನಿಲ್ಲಿಸಿದ ಹೊತ್ತಿನಲ್ಲಿ ಉತ್ತರಗಳು ಸಾವಕಾಶವಾಗಿ ಕ್ರಮದಲ್ಲೇ ಬಂದು ಸೇರುತ್ತವೆ. ಇಂತಲ್ಲಿ ಡೀಬಗರ್ ಬದಿಗಿಟ್ಟು, ಹೋದ ಕೋರಿಕೆಗೂ ಬಂದ ಉತ್ತರಕ್ಕೂ ಸಮಯ ಸಹಿತ ಲಾಗ್ ಬರೆಸಬೇಕು. ಅದೂ ವೇಗವನ್ನು ಒಂದಿಷ್ಟು ಬದಲಾಯಿಸುತ್ತದೆ, ಆದರೆ ನಿಲ್ಲಿಸುವುದಕ್ಕಿಂತ ಎಷ್ಟೋ ವಾಸಿ.

ಆ್ಯಪ್ ತಡೆತಡೆದು ನಡೆಯುವ ದೂರಿಗೂ ಸಮಯದ ಲೆಕ್ಕವೇ ಮುಖ್ಯ. ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ ಪರದೆಗೆ ಒಂದೊಂದು ಚಿತ್ರಕ್ಕೆ ಸಿಗುವುದು ಸುಮಾರು 16.7 ಮಿಲಿಸೆಕೆಂಡ್. ಚಿತ್ರ ಸಿದ್ಧಮಾಡುವ, ಬೆರಳಿನ ಒತ್ತಿಗೆ ಓಗೊಡುವ ಕೆಲಸವೆಲ್ಲ ಮುಖ್ಯ ಥ್ರೆಡ್ ಎಂಬ ಒಂದೇ ಸಾಲಿನಲ್ಲಿ ನಡೆಯುತ್ತದೆ. ದೊಡ್ಡ ಕಡತ ಓದುವುದನ್ನೂ ಅಲ್ಲೇ ಹಾಕಿದರೆ ಹಿಂದಿನದೆಲ್ಲ ಕಾಯುತ್ತದೆ. ಬೆರಳು ಒತ್ತಿ 5 ಸೆಕೆಂಡಾದರೂ ಸ್ಪಂದನವಿಲ್ಲದಿದ್ದರೆ ಆಂಡ್ರಾಯ್ಡ್ 'ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ' ಎಂದು ಲೆಕ್ಕಕ್ಕೆ ಹಿಡಿಯುತ್ತದೆ. ಹೊಸ ಫೋನಿನ ವೇಗದ ಸ್ಟೋರೇಜ್‌ನಲ್ಲಿ ಕಣ್ಣಿಗೆ ಬೀಳದೆ ಮುಗಿಯುವ ಅದೇ ಓದು, ಹಳೆಯದರಲ್ಲಿ, ತುಂಬಿ ತುಳುಕುವ ಸ್ಟೋರೇಜ್‌ನಲ್ಲಿ, ಆ 5 ಸೆಕೆಂಡನ್ನು ತಿಂದುಬಿಡಬಲ್ಲದು. ತಂಡದ ಕೈಯಲ್ಲಿ ಐದಾರು ವರ್ಷ ಹಳೆಯ ಅಗ್ಗದ ಫೋನೊಂದು ಇರಲೇಬೇಕು ಎನ್ನುವುದು ಇದಕ್ಕಾಗಿ.

ಈಗ ಕನ್ನಡಿಗರಿಗೆ ತೀರ ಹತ್ತಿರದ ಒಂದು ವ್ಯತ್ಯಾಸ: ಲಿಪಿ. 2018ರ ಫೆಬ್ರುವರಿಯಲ್ಲಿ ಜಗತ್ತಿನ ಐಫೋನುಗಳು ಒಂದೇ ಒಂದು ತೆಲುಗು ಅಕ್ಷರಕ್ಕೆ ಕುಸಿಯತೊಡಗಿದವು. ಆ ಅಕ್ಷರ 'ಜ್ಞಾ'. ಜ, ಹಲಂತದ ಚಿಹ್ನೆ, ಞ, ಕಣ್ಣಿಗೆ ಕಾಣದ ಒಂದು ಬಿಡಿಸುವ ಗುರುತು, ಆಮೇಲೆ ದೀರ್ಘ. ಈ ಐದು ಸಂಕೇತಗಳು ಇದೇ ಕ್ರಮದಲ್ಲಿ ಬಂದರೆ ಅಕ್ಷರ ಜೋಡಿಸುವ ಸಿಸ್ಟಮ್‌ನ ಭಾಗವೇ ಮುಗ್ಗರಿಸುತ್ತಿತ್ತು. ಸಂದೇಶದಲ್ಲಿ ಬಂದರೆ ಆ ಆ್ಯಪ್ ಬೀಳುತ್ತಿತ್ತು, ಅಧಿಸೂಚನೆಯಾಗಿ ಬಂದರೆ ಫೋನಿನ ಮುಖಪುಟವೇ ಬೀಳುತ್ತಿತ್ತು. ಆ್ಯಪಲ್ ಫೆಬ್ರುವರಿ 19ರಂದು ಐಓಎಸ್ 11.2.6 ಹೊರಡಿಸಿ ಸರಿಪಡಿಸಿತು. ಇಷ್ಟು ದೊಡ್ಡ ಕಂಪನಿಯ ಪರೀಕ್ಷೆಯಿಂದ ಇದು ತಪ್ಪಿಸಿಕೊಂಡಿತು ಎಂದರೆ, ನಮ್ಮ ಲಿಪಿಗಳಲ್ಲಿ ಪರೀಕ್ಷೆ ಮಾಡುವುದು ನಮ್ಮ ಡೆವಲಪರುಗಳದೇ ಹೊಣೆ ಎಂದು ತಿಳಿಯಬೇಕು.

ಕನ್ನಡದಲ್ಲೂ ಬಲೆಗಳು ಬೇಕಾದಷ್ಟಿವೆ. 'ಲಕ್ಷ್ಮಿ' ನಮ್ಮ ಕಣ್ಣಿಗೆ ಎರಡಕ್ಷರ. ಯೂನಿಕೋಡಿನಲ್ಲಿ ಅದು ಏಳು ಸಂಕೇತ, ಯುಟಿಎಫ್-8ರಲ್ಲಿ ಬರೆದರೆ 21 ಬೈಟ್. ಹೆಸರಿನ ಅಂಕಣಕ್ಕೆ 20 ಬೈಟ್ ಸಾಕೆಂದು ಇಂಗ್ಲಿಷ್ ಹೆಸರು ನೋಡಿ ನಿರ್ಧರಿಸಿದವರು ಲಕ್ಷ್ಮಿಯನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಐದು ಸಂಕೇತಕ್ಕೆ ಕತ್ತರಿಸಿದರೆ ಪರದೆಯ ಮೇಲೆ ಮೂಡುವುದು 'ಲಕ್ಷ್'. ಕನ್ನಡದಲ್ಲಿ ಎಸ್‌ಎಂಎಸ್ ಕಳಿಸಿದರೆ ಒಂದು ಸಂದೇಶದಲ್ಲಿ 160ರ ಬದಲು 70 ಸಂಕೇತಗಳಷ್ಟೇ ಹಿಡಿಸುತ್ತವೆ. ಒಂದು ಸಂದೇಶದ ಲೆಕ್ಕ ಹಾಕಿದ್ದವರಿಗೆ ಎರಡು, ಮೂರರ ಬಿಲ್ ಬರುತ್ತದೆ. ಇದಕ್ಕಿಂತ ಸೂಕ್ಷ್ಮವಾದದ್ದು 'ಕೋಲಾರ'. ಅದರ 'ಕೋ'ದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಬರೆಯಬಹುದು, ಇಲ್ಲವೇ ಬಿಡಿಬಿಡಿ ಚಿಹ್ನೆಗಳನ್ನು ಕೂಡಿಸಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಪದ. ಒಂದು ಕೀಲಿಮಣೆ ಹೀಗೆ ಬರೆದು, ಇನ್ನೊಂದು ಹಾಗೆ ಬರೆದರೆ, ಪಟ್ಟಿಯಲ್ಲಿ ಕೋಲಾರ ಎದುರಿಗೇ ಇದ್ದರೂ ಹುಡುಕಾಟ 'ಸಿಗಲಿಲ್ಲ' ಎನ್ನುತ್ತದೆ. ಹೋಲಿಸುವ ಮೊದಲು ಎರಡನ್ನೂ ಒಂದೇ ಪ್ರಮಾಣಿತ ರೂಪಕ್ಕೆ ತರಬೇಕು. ಅದಕ್ಕೆ ಬೇಕಾದ ಒಂದು ಸಾಲಿನ ಆಜ್ಞೆ ಬಹುಪಾಲು ಪ್ರೋಗ್ರಾಮಿಂಗ್ ಭಾಷೆಗಳ ಲೈಬ್ರರಿಗಳಲ್ಲಿದೆ. ಅಂಕಿಗಳದೂ ಇದೇ ಪಾಡು. ಫೋನಿನ ಭಾಷೆ ಮರಾಠಿ ಅಥವಾ ಅರೇಬಿಕ್ ಆಗಿದ್ದರೆ, ಸಂಖ್ಯೆಯನ್ನು ಪಠ್ಯವಾಗಿಸುವ ಸಾಮಾನ್ಯ ಆಜ್ಞೆ ಆ ಭಾಷೆಯ ಅಂಕಿಗಳನ್ನು ಬರೆದುಬಿಡಬಹುದು. ಜರ್ಮನ್ ಆಗಿದ್ದರೆ ದಶಮಾಂಶದ ಚುಕ್ಕಿ ಅಲ್ಪವಿರಾಮವಾಗುತ್ತದೆ. ಸರ್ವರ್ ಅದನ್ನು ಓದಲಾರದೆ ಹಿಂದಿರುಗಿಸುತ್ತದೆ. ಮನುಷ್ಯರಿಗೆ ತೋರಿಸುವ ಬರಹ ಅವರ ಭಾಷೆಯಲ್ಲಿರಲಿ, ಯಂತ್ರಕ್ಕೆ ಕಳಿಸುವುದು ಯಾವತ್ತೂ ಒಂದೇ ಗೊತ್ತಾದ ರೂಪದಲ್ಲಿರಲಿ.

ಕ್ಯಾಲೆಂಡರ್ ಕೂಡ ಒಂದು ವ್ಯತ್ಯಾಸವೇ. ಮೈಕ್ರೋಸಾಫ್ಟ್‌ನ ಜೂನ್ ಎಂಬ ಸಂಗೀತದ ಸಾಧನದ 30 ಜಿಬಿ ಮಾದರಿಗಳು 2008ರ ಡಿಸೆಂಬರ್ 31ರಂದು ಒಟ್ಟೊಟ್ಟಿಗೆ ಸ್ತಬ್ಧವಾದವು. ಅಧಿಕ ವರ್ಷದ 366ನೇ ದಿನ ಅದು. ದಿನಗಳನ್ನು ವರ್ಷಕ್ಕೆ ಪರಿವರ್ತಿಸುವ ತುಣುಕು ಕೋಡ್, 365ಕ್ಕಿಂತ ಹೆಚ್ಚಿದ್ದರೆ ಸುತ್ತುತ್ತಲೇ ಇರಬೇಕಿತ್ತು, ಅಧಿಕ ವರ್ಷವಾದರೆ 366ಕ್ಕಿಂತ ಹೆಚ್ಚಿದ್ದಾಗ ಮಾತ್ರ ಕಳೆಯಬೇಕಿತ್ತು. ಸರಿಯಾಗಿ 366 ಇದ್ದಾಗ ಕಳೆಯಲೂ ಇಲ್ಲ, ಹೊರಗೆ ಬರಲೂ ಇಲ್ಲ. ಕಂಪನಿ ಕೊಟ್ಟ ಪರಿಹಾರ: ಬ್ಯಾಟರಿ ಖಾಲಿಯಾಗಲು ಬಿಡಿ, ಜನವರಿ 1ರ ಗ್ರೀನ್‌ವಿಚ್ ಮಧ್ಯಾಹ್ನದ ನಂತರ ಮತ್ತೆ ಚಾರ್ಜ್ ಮಾಡಿ. ಆ ಒಂದು ದಿನಾಂಕವನ್ನು ಮೇಜಿನ ಮೇಲೆ ಮೊದಲೇ ಹಾಕಿ ನೋಡಿದ್ದರೆ ಒಂದು ನಿಮಿಷದಲ್ಲಿ ಸಿಗುತ್ತಿದ್ದ ದೋಷ.

ಹಾಗಾದರೆ ಸಂಭವವೇ ಇಲ್ಲವೆನಿಸುವ ದೂರು ಬಂದಾಗ? ನಂಬಿ. 2008ರ ನವೆಂಬರಿನಲ್ಲಿ, ಮೊದಲ ಆಂಡ್ರಾಯ್ಡ್ ಫೋನು ಜಿ1 ಅಮೆರಿಕದಲ್ಲಿ ಮಾರಾಟಕ್ಕೆ ಬಂದು ಇನ್ನೂ ವಾರಗಳಷ್ಟೇ ಆಗಿದ್ದಾಗ, ಚಾಟ್ ಮಾಡುವಾಗ 'ರೀಬೂಟ್' ಎಂದು ಬರೆದು ಎಂಟರ್ ಒತ್ತಿದರೆ ಫೋನು ನಿಜಕ್ಕೂ ರೀಬೂಟ್ ಆಗುತ್ತದೆ ಎಂಬ ದೂರು ಬಂತು. ಕೇಳಿದವರಿಗೆ ತಮಾಷೆ ಅನ್ನಿಸಿರಬೇಕು. ತನಿಖೆಯಲ್ಲಿ ತಿಳಿದದ್ದು, ತಯಾರಿಕೆಯ ಹೊತ್ತಿನ ಆಜ್ಞೆಗಳನ್ನು ನಡೆಸುವ ಒಂದು 'ಶೆಲ್' ಸಂಪೂರ್ಣ ಅಧಿಕಾರದೊಂದಿಗೆ ಹಿಂದೆ ತೆರೆದೇ ಉಳಿದಿತ್ತು; ಕೀಲಿಮಣೆಯಲ್ಲಿ ಬರೆದ ಪ್ರತಿ ಅಕ್ಷರವೂ ಅಲ್ಲಿಗೂ ಹೋಗುತ್ತಿತ್ತು. ದೂರು ಕೊಟ್ಟವರಿಗೆ ಕಾರಣ ಗೊತ್ತಿರಬೇಕಿಲ್ಲ. ಅವರು ಕಂಡದ್ದು ಮಾತ್ರ ನಿಜ. ಅವರಿಂದ ಕೇಳಬೇಕಾದದ್ದು ಫೋನಿನ ಮಾದರಿ, ಆಂಡ್ರಾಯ್ಡ್ ಅಥವಾ ಐಓಎಸ್ ಆವೃತ್ತಿ, ಆ್ಯಪ್‌ನ ಆವೃತ್ತಿ, ಭಾಷೆ, ಆ ಹೊತ್ತಿನ ನೆಟ್‌ವರ್ಕ್, ಕೊನೆಗೆ ಒತ್ತಿದ ಎರಡು ಮೂರು ಗುಂಡಿಗಳು.

ದೋಷ ಕಂಡ ಪರಿಸ್ಥಿತಿಯೇ ಪುರಾವೆ; ಆದ್ದರಿಂದ ಅದು ಕಂಡೊಡನೆ 'ಕ್ಲೀನ್ ಮಾಡಿ ಮತ್ತೆ ಬಿಲ್ಡ್ ಮಾಡು', 'ಆ್ಯಪ್ ತೆಗೆದು ಹೊಸದಾಗಿ ಹಾಕು' ಎಂಬ ಸಲಹೆಗಳು ನನಗೆ ಹಿಡಿಸುವುದಿಲ್ಲ. ಒಮ್ಮೊಮ್ಮೆ ಅವು ಕೆಲಸ ಮಾಡುತ್ತವೆ, ನಿಜ. ಬಿಲ್ಡ್ ಸಾಧನಗಳು ಹಳೆಯ ತುಣುಕುಗಳನ್ನು ಕೂಡಿಟ್ಟುಕೊಂಡು ಗೊಂದಲ ಮಾಡುವುದುಂಟು. ಆದರೆ ಹಳೆಯ ಆವೃತ್ತಿಯ ಡೇಟಾಬೇಸ್ ಫೋನಿನಲ್ಲಿ ಉಳಿದಿದ್ದರಿಂದಲೇ ಹೊಸ ಆವೃತ್ತಿ ಕುಸಿಯುತ್ತಿದ್ದರೆ, ಆ್ಯಪ್ ತೆಗೆದುಹಾಕಿದ ಕ್ಷಣ ಇದ್ದ ಒಂದೇ ಪುರಾವೆ ಹೋಯಿತು. ಅಪ್‌ಡೇಟ್ ಮಾಡಿಕೊಳ್ಳುವ ಪ್ರತಿಯೊಬ್ಬರ ಫೋನಿನಲ್ಲೂ ದೋಷ ಕಾದು ಕೂತಿರುತ್ತದೆ. ಮೊದಲು ಲಾಗ್ ಮತ್ತು ಡೇಟಾಬೇಸ್‌ನ ಪ್ರತಿ ತೆಗೆದಿಟ್ಟುಕೊಳ್ಳಬೇಕು, ತೊಳೆಯುವುದು ಆಮೇಲೆ.

ದೋಷ ಯಾವಾಗ ಒಳಬಂತೆಂದು ಗೊತ್ತಿಲ್ಲದಾಗ ನೆರವಿಗೆ ಬರುವುದು ಗಣಿತ. ಹೋದ ತಿಂಗಳ ಆವೃತ್ತಿ ಸರಿಯಿತ್ತು, ಇಂದಿನದು ಸರಿಯಿಲ್ಲ, ನಡುವೆ ಸಾವಿರ ಬದಲಾವಣೆಗಳು. ಸರಿಯಾಗಿ ನಡುವಿನದನ್ನು ಓಡಿಸಿ ನೋಡಿದರೆ ಅರ್ಧ ತೀರಿತು. ಉಳಿದ ಅರ್ಧದ ನಡುವಿನದನ್ನು ನೋಡಿದರೆ ಕಾಲು ಉಳಿಯಿತು. ಹತ್ತೇ ಪರೀಕ್ಷೆಗಳಲ್ಲಿ ತಪ್ಪಿತಸ್ಥ ಬದಲಾವಣೆ ಸಿಗುತ್ತದೆ. ಕೋಡಿನ ಬದಲಾವಣೆಗಳನ್ನು ದಾಖಲಿಸಿಡುವ ಗಿಟ್ ಎಂಬ ಸಾಧನದಲ್ಲಿ 'ಬೈಸೆಕ್ಟ್' ಎಂಬ ಆಜ್ಞೆ ಇದನ್ನೇ ಮಾಡುತ್ತದೆ. ಸಾವಿರ ಬದಲಾವಣೆಗಳನ್ನು ಓದುತ್ತ ಕೂತವರಿಗಿಂತ ಮೊದಲೇ ಈ ಕುರುಡು ವಿಧಾನ ಗುರಿ ಮುಟ್ಟುವುದನ್ನು ನೋಡುವುದೇ ಒಂದು ಸಂತೋಷ.

ಸರಿಪಡಿಸಿದ ಮೇಲೆ ಇನ್ನೊಂದು ಹೆಜ್ಜೆ ಉಳಿದಿರುತ್ತದೆ, ಅವಸರದಲ್ಲಿ ಎಲ್ಲರೂ ದಾಟಿಬಿಡುವ ಹೆಜ್ಜೆ. ಬರೆದ ತಿದ್ದುಪಡಿಯನ್ನು ಒಮ್ಮೆ ಹಿಂದಕ್ಕೆ ತೆಗೆದು, ದೋಷ ಮರಳಿ ಬರುತ್ತದೆಯೇ ಎಂದು ನೋಡಬೇಕು. ಬರದಿದ್ದರೆ ತಿದ್ದುಪಡಿ ಏನನ್ನೂ ತಿದ್ದಿಲ್ಲ. ದೋಷ ಬೇರಾವುದೋ ಕಾರಣಕ್ಕೆ ಸದ್ಯಕ್ಕೆ ಅಡಗಿದೆ. ಬಂದರೆ ತಿದ್ದುಪಡಿಯನ್ನು ಮತ್ತೆ ಹಾಕಿ, ಜನರಿಗೆ ಹಂತಹಂತವಾಗಿ ಬಿಡಬೇಕು. ಆ್ಯಪಲ್‌ನ ಹಂತದ ಬಿಡುಗಡೆಯಲ್ಲಿ ಮೊದಲ ದಿನ ಶೇ. 1ರಷ್ಟು ಮಂದಿಗೆ, ಮುಂದೆ 2, 5, 10, 20, 50 ಎಂದು ಏರುತ್ತ ಏಳನೇ ದಿನಕ್ಕೆ ಎಲ್ಲರಿಗೂ ಹೋಗುತ್ತದೆ. ಗೂಗಲ್ ಪ್ಲೇಯಲ್ಲಿ ಈ ಪ್ರಮಾಣವನ್ನು ಡೆವಲಪರೇ ಗೊತ್ತುಮಾಡಬಹುದು. ಕ್ರ್ಯಾಶ್ ವರದಿಗಳು ಏರಿದರೆ ಅಲ್ಲಿಗೇ ತಡೆಯಬಹುದು, ಆದರೆ ಈಗಾಗಲೇ ಇಳಿಸಿಕೊಂಡವರ ಫೋನಿನಿಂದ ಹಿಂದಕ್ಕೆ ಎಳೆದುಕೊಳ್ಳಲಾಗದು. ಇನ್ನು ಅಪ್‌ಡೇಟ್ ಮಾಡಿಕೊಳ್ಳದವರು, ಸ್ಟೋರೇಜ್ ತುಂಬಿ ಮಾಡಿಕೊಳ್ಳಲಾಗದವರು, ಹಳೆಯ ಆವೃತ್ತಿಯಲ್ಲೇ ತಿಂಗಳುಗಟ್ಟಲೆ ಉಳಿಯುತ್ತಾರೆ. ಅವರ ಫೋನುಗಳಿಂದ ಬರುವ ಹಳೆಯ ರೂಪದ ಕೋರಿಕೆಗಳಿಗೆ ಸರ್ವರ್ ಅಷ್ಟು ದಿನವೂ ಉತ್ತರ ಕೊಡುತ್ತಿರಬೇಕು, ಆ ಆವೃತ್ತಿಯ ಮ್ಯಾಪಿಂಗ್ ಕಡತವನ್ನೂ ಅಷ್ಟು ದಿನ ಜೋಪಾನವಾಗಿ ಇಟ್ಟುಕೊಂಡಿರಬೇಕು.